ಬ್ಲ್ಯಾಕ್‌ಲೆಟರ್ ಅಕ್ಷರ ಬಳಸುವುದು ಹೇಗೆ: ಆಯ್ಕೆಯಿಂದ ಅಚ್ಚಿನವರೆಗೆ

ಪ್ರಮಾಣಪತ್ರದ ನೆತ್ತಿಯಲ್ಲಿ, ಪತ್ರಿಕೆಯ ಹೆಸರಿನಲ್ಲಿ, ಮೆಟಲ್ ಬ್ಯಾಂಡಿನ ಟೀ ಶರ್ಟಿನಲ್ಲಿ ಕಾಣುವ ಚೂಪು ಮೂಲೆಯ, ಕಪ್ಪಗೆ ದಟ್ಟವಾಗಿ ಕೂತ ಇಂಗ್ಲಿಷ್ ಅಕ್ಷರಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಆ ಫಾಂಟಿನ ಹೆಸರೇನು? ಅದನ್ನು ಇಳಿಸಿಕೊಂಡು ನಮ್ಮ ಪದ ಟೈಪ್ ಮಾಡಿದರೆ ಯಾಕೆ ಹಾಗೆ ಬರುವುದಿಲ್ಲ?

ಮೊದಲನೆಯದಕ್ಕೆ ಉತ್ತರ ಸಲೀಸು: ಅದು ಒಂದು ಫಾಂಟ್ ಅಲ್ಲ, ಬ್ಲ್ಯಾಕ್‌ಲೆಟರ್ ಎಂಬ ಇಡೀ ಮನೆತನ. ಎರಡನೆಯದಕ್ಕೆ ಉತ್ತರ ಈ ಲೇಖನ. ಒಂದೇ ಮಾತಿನಲ್ಲಿ ಹೇಳುವುದಾದರೆ, ಫಾಂಟ್ ಮಾರುವವರು ಮಾದರಿಗೆ ಚೆಂದ ಕಾಣುವ ಅಕ್ಷರಗಳನ್ನೇ ಆರಿಸಿರುತ್ತಾರೆ; ನಿಮ್ಮ ಪದದಲ್ಲಿ ಇರುವುದು ಬೇರೆ ಅಕ್ಷರಗಳು. ಆದ್ದರಿಂದ ಕೆಳಗಿನ ಪ್ರತಿ ಹಂತವನ್ನೂ ನಿಮ್ಮದೇ ಪದ ಇಟ್ಟುಕೊಂಡು ಮಾಡಿ.

ಬೇಕಾದದ್ದು ಇಷ್ಟು: ಅಂತಿಮವಾಗಿ ಬಳಸುವ ಪದ, ಅದು ಅಚ್ಚಾಗುವ ನಿಜವಾದ ಅಳತೆ, ಯಾವುದರ ಮೇಲೆ ಬರುತ್ತದೆ ಎಂಬ ಮಾಹಿತಿ (ಕಾಗದ, ಬಟ್ಟೆ, ವಿನೈಲ್, ಪರದೆ), ವೆಕ್ಟರ್ ಚಿತ್ರ ಬಿಡಿಸುವ ಯಾವುದಾದರೂ ತಂತ್ರಾಂಶ, ಒಂದು ಪ್ರಿಂಟರ್. ಇಂಕ್‌ಸ್ಕೇಪ್ ಉಚಿತ, ಅದೇ ಸಾಕು.

ಮೂರು ಪದಗಳ ಅರ್ಥ ಮೊದಲೇ ಹೇಳಿಬಿಡುತ್ತೇವೆ. ನೆಟ್ಟಗೆ ನಿಂತ ದಪ್ಪ ಗೆರೆಗೆ ಇಲ್ಲಿ ‘ಕಂಬ’ ಎನ್ನುತ್ತೇವೆ. ಅಲಂಕಾರಕ್ಕೆ ಎಳೆದ ತೀರಾ ಸಣ್ಣ ಗೆರೆ ‘ಕೂದಲೆಳೆ’. ಅಕ್ಷರದೊಳಗಿನ ಬಿಳಿ ಜಾಗ ‘ಹೊಟ್ಟೆ’.

1. ಯಾವ ಬಗೆ ಎಂದು ಗುರುತಿಸಿ

ಬ್ಲ್ಯಾಕ್‌ಲೆಟರಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಗುರುತಿಸಲು ಸಣ್ಣ ‘ಓ’ ಅಕ್ಷರವೊಂದನ್ನು ನೋಡಿದರೆ ಸಾಕು. ಅದರ ಎರಡೂ ಬದಿ ಮುರಿದು ಉದ್ದನೆಯ ಷಟ್ಕೋನದಂತಿದ್ದರೆ ಅದು ಟೆಕ್ಸ್ಚುರಾ. ಹೆಚ್ಚುಕಡಿಮೆ ದುಂಡಗಿದ್ದರೆ ರೋಟುಂಡಾ. ಎರಡೂ ಬದಿ ಉಬ್ಬಿ, ಮೇಲೆ ಕೆಳಗೆ ಚೂಪಾಗಿದ್ದರೆ ಶ್ವಾಬಾಕರ್. ಎಡಬದಿ ಮುರಿದು ಬಲಬದಿ ಮಾತ್ರ ಬಾಗಿದ್ದರೆ ಫ್ರಾಕ್ಟೂರ್.

ಈ ವಿಂಗಡಣೆ ಬರೀ ಪಾಂಡಿತ್ಯವಲ್ಲ, ಅಕ್ಷರದ ಬಗೆ ಅದರ ಊರು, ಕಾಲ ಎರಡನ್ನೂ ಹೇಳುತ್ತದೆ. ಗುಟೆನ್‌ಬರ್ಗ್ 1455ರ ಸುಮಾರಿಗೆ ಮೈಂಜ್‌ನಲ್ಲಿ ಅಚ್ಚು ಹಾಕಿದ 42 ಸಾಲಿನ ಬೈಬಲ್ ಟೆಕ್ಸ್ಚುರಾದಲ್ಲಿದೆ. 1493ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಲೋಕಚರಿತ್ರೆಯ ಲ್ಯಾಟಿನ್ ಪ್ರತಿಗೆ ರೋಟುಂಡಾ, ಅದೇ ವರ್ಷದ ಜರ್ಮನ್ ಪ್ರತಿಗೆ ಶ್ವಾಬಾಕರ್ ಬಳಸಿದರು. ಒಂದೇ ಪುಸ್ತಕ, ಒಂದೇ ವರ್ಷ, ಆದರೆ ಓದುಗರು ಬೇರೆ ಎಂಬ ಕಾರಣಕ್ಕೆ ಅಕ್ಷರವೂ ಬೇರೆ. ಫ್ರಾಕ್ಟೂರ್ ಬಂದದ್ದು ಅದರ ನಂತರ, 16ನೇ ಶತಮಾನದ ಮೊದಲ ಭಾಗದಲ್ಲಿ, ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಮಾಡಿಸಿದ ಪುಸ್ತಕಗಳ ಮೂಲಕ. ಅಲ್ಲಿಂದ 20ನೇ ಶತಮಾನದವರೆಗೂ ಅದು ಜರ್ಮನ್ ಭಾಷೆಯ ದಿನಬಳಕೆಯ ಅಕ್ಷರ.

ಹೀಗಾಗಿ ಇಂಗ್ಲಿಷ್ ದಸ್ತಾವೇಜಿನ ಗತ್ತು, ಪ್ರಮಾಣಪತ್ರ, ಪತ್ರಿಕೆಯ ಹೆಸರು ಇಂಥವಕ್ಕೆ ಟೆಕ್ಸ್ಚುರಾ ನೋಡಿ: ಓಲ್ಡ್ ಇಂಗ್ಲಿಷ್ ಟೆಕ್ಸ್ಟ್, ಕ್ಲಾಯ್ಸ್ಟರ್ ಬ್ಲ್ಯಾಕ್, ಗೌಡಿ ಟೆಕ್ಸ್ಟ್ ಇದೇ ಬಗೆಯವು. ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗಳ ಹೆಸರು ಈ ದಾರಿಯಲ್ಲೇ ಬಂದವು. ಜರ್ಮನ್ ನೆನಪು ಬೇಕಿದ್ದರೆ ಫೆಟ್ಟೆ ಫ್ರಾಕ್ಟೂರ್ ಅಥವಾ ಯುನಿಫ್ರಾಕ್ಟೂರ್ ಮಗುಂಟಿಯಾ. ಓದಲು ಸುಲಭವಾಗಬೇಕು, ಹಳಮೆಯೂ ಇರಬೇಕು ಎಂದರೆ ರೋಟುಂಡಾ; ಇಷ್ಟು ಒಳ್ಳೆಯ ಬಗೆಯನ್ನು ಜನ ಯಾಕೆ ಮರೆತಿದ್ದಾರೋ.

ಹುಡುಕುವಾಗ ಎರಡು ಹೆಸರು ದಾರಿ ತಪ್ಪಿಸುತ್ತವೆ. ‘ಓಲ್ಡ್ ಇಂಗ್ಲಿಷ್’ ಎಂಬ ಫಾಂಟಿಗೂ ಹಳೆಯ ಇಂಗ್ಲಿಷ್ ಭಾಷೆಗೂ ಸಂಬಂಧವಿಲ್ಲ. ‘ಗೋಥಿಕ್’ ಎಂದು ಹುಡುಕಿದರೆ ಫ್ರ್ಯಾಂಕ್ಲಿನ್ ಗೋಥಿಕ್, ಸೆಂಚುರಿ ಗೋಥಿಕ್ ಬರುತ್ತವೆ. ಅವು ಕೊಕ್ಕೆ, ಅಲಂಕಾರ ಯಾವುದೂ ಇಲ್ಲದ ಬೋಳು ಅಕ್ಷರಗಳು, ನಿಮಗೆ ಬೇಕಾದದ್ದಕ್ಕೆ ತದ್ವಿರುದ್ಧ.

ಇನ್ನೊಂದು ಎಚ್ಚರಿಕೆ. ಬ್ಲ್ಯಾಕ್‌ಲೆಟರ್ ಕಂಡ ಕೂಡಲೇ ಹಲವರಿಗೆ ನಾಜಿಗಳ ನೆನಪಾಗುತ್ತದೆ. 1941ರ ಜನವರಿ 3ರ ಸುತ್ತೋಲೆಯಲ್ಲಿ ನಾಜಿ ಪಕ್ಷವೇ ಈ ಅಕ್ಷರಗಳಿಗೆ ‘ಯಹೂದಿ ಅಕ್ಷರ’ ಎಂಬ ಸುಳ್ಳು ಹಣೆಪಟ್ಟಿ ಹಚ್ಚಿ ಬಳಕೆ ನಿಲ್ಲಿಸಿತು. ಆದರೂ ನೆನಪು ಉಳಿದಿದೆ. ಅದು ಹೆಚ್ಚಾಗಿ ಅಂಟಿಕೊಂಡಿರುವುದು 1930ರ ದಶಕದ, ಅಲಂಕಾರವನ್ನೆಲ್ಲ ಬೋಳಿಸಿದ, ದಪ್ಪ ನೇರ ಕಂಬಗಳ ಜರ್ಮನ್ ಫಾಂಟುಗಳಿಗೆ. ಕೆಂಪು, ಕಪ್ಪು, ಬಿಳಿ ಬಣ್ಣದ ಜೊತೆ ಅಂಥ ಫಾಂಟ್ ಇಡಲೇಬೇಡಿ. ಕೂದಲೆಳೆ, ಬಳುಕು ಇರುವ ಟೆಕ್ಸ್ಚುರಾಕ್ಕೆ ಈ ಹೊರೆ ಬಹಳ ಕಡಿಮೆ.

2. ಎಷ್ಟು ಪದ ಎಂದು ಮಿತಿ ಹಾಕಿಕೊಳ್ಳಿ

ಒಂದರಿಂದ ನಾಲ್ಕು ಪದ, ಒಂದೇ ಸಾಲು, ಹೆಚ್ಚೆಂದರೆ ಎರಡು. ಹೆಸರು, ಶೀರ್ಷಿಕೆ, ದಸ್ತಾವೇಜಿನ ಮೊದಲ ಪದ, ಅಧ್ಯಾಯದ ಮೊದಲ ಅಕ್ಷರ, ಬಾಟಲಿಯ ಲೇಬಲ್ಲು, ಇವು ಸರಿಯಾದ ಜಾಗ. ವಿಳಾಸ, ದಿನಾಂಕ, ಫೋನ್ ಸಂಖ್ಯೆ, ಸೂಚನೆ, ಬೆಲೆ ಇವನ್ನು ಬೇರೆ ಫಾಂಟಿಗೆ ಬಿಡಿ. ಅನೇಕ ಉಚಿತ ಬ್ಲ್ಯಾಕ್‌ಲೆಟರ್ ಫಾಂಟುಗಳಲ್ಲಿ ಅಂಕಿಗಳೇ ಇರುವುದಿಲ್ಲ, ಇದ್ದರೂ ಯಾರೋ ಕೊನೆಗಳಿಗೆಯಲ್ಲಿ ಸೇರಿಸಿದಂತಿರುತ್ತವೆ.

ಕನ್ನಡ ಅಕ್ಷರವೂ ಇವುಗಳಲ್ಲಿ ಇರುವುದಿಲ್ಲ. ಟೈಪ್ ಮಾಡಿದರೆ ಕಂಪ್ಯೂಟರ್ ಸದ್ದಿಲ್ಲದೆ ಬೇರೆ ಕನ್ನಡ ಫಾಂಟ್ ತಂದಿಡುತ್ತದೆ, ಅಥವಾ ಖಾಲಿ ಚೌಕ ತೋರಿಸುತ್ತದೆ.

3. ನಿಮ್ಮ ಪದವನ್ನು ಟೈಪ್ ಮಾಡಿ, ಕಂಬ ಎಣಿಸಿ

ಬಹುಪಾಲು ಕೆಲಸ ಕೆಡುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನಿಸಿ.

ಟೆಕ್ಸ್ಚುರಾದಲ್ಲಿ ಕಂಬದ ದಪ್ಪ, ಹೊಟ್ಟೆಯ ಅಗಲ, ಎರಡು ಅಕ್ಷರಗಳ ನಡುವಿನ ಜಾಗ ಮೂರೂ ಹೆಚ್ಚುಕಡಿಮೆ ಒಂದೇ. ಪುಟಕ್ಕೆ ನೇಯ್ದ ಬಟ್ಟೆಯ ಸಮತೆ ಬರುವುದು ಇದರಿಂದ; ಹೆಸರಿನ ಮೂಲವೂ ನೇಯ್ಗೆಯೇ. ಆದರೆ ಇದೇ ಗುಣ ಓದಿಗೆ ಮುಳ್ಳು. ‘ಮಿನಿಮಮ್’ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ ನೋಡಿ. ಎಂ ಮೂರು ಸಲ, ತಲಾ 3 ಕಂಬ. ಐ ಎರಡು ಸಲ, ತಲಾ 1. ಎನ್ 2, ಯು 2. ಒಟ್ಟು 15 ಒಂದೇ ಥರದ ಕಂಬಗಳು ಬೇಲಿ ಹಾಕಿದಂತೆ ನಿಲ್ಲುತ್ತವೆ. ಎಲ್ಲಿ ಒಂದು ಅಕ್ಷರ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕಣ್ಣಿಗೆ ಸಿಗುವುದಿಲ್ಲ. ಹಸ್ತಪ್ರತಿ ಬರೆಯುವವರು ಐ ಅಕ್ಷರದ ನೆತ್ತಿಗೆ ಗೀಟು ಹಾಕತೊಡಗಿದ್ದೇ ಈ ಗೊಂದಲ ತಪ್ಪಿಸಲು. ಈಗಿನ ಚುಕ್ಕಿ ಅದರ ಮೊಮ್ಮಗು.

ನಿಮ್ಮ ಪದದಲ್ಲಿ ಐ, ಎಂ, ಎನ್, ಯು, ವಿ, ಡಬ್ಲ್ಯು ಇವುಗಳಲ್ಲಿ ಮೂರು ಸಾಲಾಗಿ ಬಂದರೆ ಟೆಕ್ಸ್ಚುರಾ ಬಿಟ್ಟು ರೋಟುಂಡಾ ಅಥವಾ ಶ್ವಾಬಾಕರ್‌ಗೆ ಹೋಗಿ. ಎಲ್, ಕೆ, ಎಚ್, ಟಿ, ಡಿ, ಜಿ, ಪಿ ಥರ ಮೇಲೆ ಕೆಳಗೆ ಚಾಚುವ ಅಕ್ಷರ ನಡುನಡುವೆ ಇದ್ದರೆ ಟೆಕ್ಸ್ಚುರಾ ಸೊಗಸಾಗಿ ಓದಿಸಿಕೊಳ್ಳುತ್ತದೆ.

ಫ್ರಾಕ್ಟೂರ್ ಆರಿಸಿದ್ದರೆ ಪರೀಕ್ಷೆ ಬೇರೆ. ಅದರ ಕ್ಯಾಪಿಟಲ್ ಎ ಅಕ್ಷರ ಯು ಥರ ಕಾಣುತ್ತದೆ. ಕ್ಯಾಪಿಟಲ್ ಬಿ ಮತ್ತು ವಿ, ಎನ್ ಮತ್ತು ಆರ್ ಅವಳಿಗಳಂತಿರುತ್ತವೆ. ಕ್ಯಾಪಿಟಲ್ ಐ ಮತ್ತು ಜೆ ಎರಡಕ್ಕೂ ಬಹಳ ಫಾಂಟುಗಳಲ್ಲಿ ಒಂದೇ ರೂಪ. ಸಣ್ಣ ಎಕ್ಸ್ ಎಂದರೆ ಬಾಲ ಬಂದ ಆರ್. ಸಣ್ಣ ಕೆ ಯಾವುದಕ್ಕೂ ಹೋಲದ ಒಂದು ಒಗಟು. ನಿಮ್ಮ ಹೆಸರು ಇವುಗಳಲ್ಲಿ ಒಂದರಿಂದ ಶುರುವಾದರೆ, ಅದೇ ಅಕ್ಷರಕ್ಕೆ ಬದಲಿ ರೂಪ ಇರುವ ಫಾಂಟ್ ಹುಡುಕಿ. ಬದಲಿ ರೂಪ ಎಂದರೆ ಒಂದೇ ಅಕ್ಷರಕ್ಕೆ ಫಾಂಟಿನೊಳಗೇ ಇಟ್ಟಿರುವ ಎರಡನೇ ಆಕಾರ. ತಂತ್ರಾಂಶದ ಓಪನ್‌ಟೈಪ್ ಪಟ್ಟಿಯಲ್ಲಿ ‘ಸ್ಟೈಲಿಸ್ಟಿಕ್ ಸೆಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಯುನಿಫ್ರಾಕ್ಟೂರ್ ಮಗುಂಟಿಯಾದ ಮೂಲ ಪ್ಯಾಕೇಜಿನಲ್ಲಿ ಇಂದಿನವರಿಗೆ ಓದಲು ಬರುವ ಇಂಥ ರೂಪಗಳಿವೆ.

ಉದ್ದ ಎಸ್ ಬಗ್ಗೆಯೂ ಹೇಳಬೇಕು. ಹಳೆಯ ಜರ್ಮನ್ ಪುಟಗಳಲ್ಲಿ ಎಫ್ ಥರ ಕಾಣುವ ಎಸ್ ಅದು, ಯೂನಿಕೋಡ್ ಸಂಖ್ಯೆ 017ಎಫ್. ಪದದ ಅಥವಾ ಪದಭಾಗದ ಕೊನೆಗೆ ದುಂಡು ಎಸ್, ಮೊದಲಿಗೂ ನಡುವಿಗೂ ಉದ್ದ ಎಸ್ ಎಂಬುದು ಸ್ಥೂಲ ನಿಯಮ. ಎಫ್‌ನ ಅಡ್ಡಗೀಟು ಕಂಬವನ್ನು ದಾಟಿ ಬಲಕ್ಕೆ ಬರುತ್ತದೆ, ಉದ್ದ ಎಸ್‌ನದು ದಾಟುವುದಿಲ್ಲ. ಹಳೆಯ ಜರ್ಮನ್ ಪಠ್ಯವನ್ನು ಇದ್ದ ಹಾಗೆ ಜೋಡಿಸುತ್ತಿದ್ದರೆ ಇದು ಬೇಕು. ಇಂದಿನ ಇಂಗ್ಲಿಷ್ ಹೆಸರಿಗೆ ಹಾಕಿದರೆ ಎಲ್ಲರೂ ಎಫ್ ಎಂದೇ ಓದುತ್ತಾರೆ, ಬಿಟ್ಟುಬಿಡಿ.

4. ಕ್ಯಾಪಿಟಲ್ ಒಂದೇ, ಅದೂ ಪದದ ಮೊದಲಿಗೆ

ಬ್ಲ್ಯಾಕ್‌ಲೆಟರಿನ ಪ್ರತಿ ಕ್ಯಾಪಿಟಲ್ಲನ್ನೂ ಒಂಟಿಯಾಗಿ ನಿಲ್ಲಲೆಂದೇ ಬಿಡಿಸಲಾಗಿದೆ. ಅದಕ್ಕೇ ಒಳಗೆ ಕೂದಲೆಳೆಗಳ ಜೋಡಿ, ಹೊರಗೆ ಮುಳ್ಳು, ಎಡಕ್ಕೆ ಒಂದು ಸೊಂಡಿಲು. ಐದಾರು ಕ್ಯಾಪಿಟಲ್‌ಗಳನ್ನು ಒಟ್ಟಿಗೆ ನಿಲ್ಲಿಸಿದರೆ ಆಭರಣಕ್ಕೆ ಆಭರಣ ಸಿಕ್ಕಿಕೊಂಡು ಪದವೇ ಮಾಯವಾಗುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ. ಪದ ಪೂರ್ತಿ ಕ್ಯಾಪಿಟಲ್ಲಿನಲ್ಲೇ ಇರಬೇಕು ಎಂಬ ಹಟವಿದ್ದರೆ ಬ್ಲ್ಯಾಕ್‌ಲೆಟರ್ ಬಿಟ್ಟು ಬೇರೆ ಫಾಂಟ್ ತಗೊಳ್ಳಿ. ಸಂಕ್ಷಿಪ್ತ ಹೆಸರುಗಳಿಗೂ ಇದೇ ಮಾತು.

ವೆಬ್‌ಸೈಟ್ ಮಾಡುವವರು ಗಮನಿಸಿ: ಕೆಲವು ಥೀಮ್‌ಗಳು ಶೀರ್ಷಿಕೆಗಳನ್ನು ತಾವಾಗಿ ಕ್ಯಾಪಿಟಲ್ಲಿಗೆ ತಿರುಗಿಸುತ್ತವೆ. ನೀವು ಸರಿಯಾಗಿ ಟೈಪ್ ಮಾಡಿದ್ದರೂ ಪುಟದಲ್ಲಿ ಕೆಟ್ಟು ಕಾಣಲು ಬಹಳ ಸಲ ಕಾರಣ ಇದು. ಶೈಲಿಯ ಕಡತದಲ್ಲಿ ಆ ಆಜ್ಞೆಯನ್ನು ತೆಗೆಯಿರಿ.

5. ಅಂತರ ಸರಿಪಡಿಸಿ

ಅಕ್ಷರಗಳ ನಡುವಿನ ಜಾಗವನ್ನು ಒಟ್ಟಾಗಿ ಹೆಚ್ಚು ಕಡಿಮೆ ಮಾಡುವುದು ಟ್ರ್ಯಾಕಿಂಗ್, ಎರಡೇ ಅಕ್ಷರಗಳ ನಡುವೆ ಮಾಡುವುದು ಕರ್ನಿಂಗ್. ಬೇರೆ ಶೀರ್ಷಿಕೆಗಳಿಗೆ ಟ್ರ್ಯಾಕಿಂಗ್ ಹೆಚ್ಚಿಸುವ ಅಭ್ಯಾಸ ನಿಮಗಿದ್ದರೆ ಇಲ್ಲಿ ಮರೆಯಿರಿ. ಸೊನ್ನೆಯಿಂದ ಶುರು ಮಾಡಿ, ಬೇಕಿದ್ದರೆ ಅಕ್ಷರದ ಅಳತೆಯ ಸಾವಿರಕ್ಕೆ 5ರಿಂದ 10ರಷ್ಟು ಕಡಿಮೆ ಮಾಡಿ. ಜಾಗ ಹೆಚ್ಚಿದ ಕೂಡಲೇ ನೇಯ್ಗೆ ಹರಿದು ಅಕ್ಷರಗಳು ಬಿಡಿಬಿಡಿ ಕಂಬಗಳಾಗುತ್ತವೆ. ಪದಗಳ ನಡುವಿನ ಜಾಗವೂ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. 80 ಪ್ರತಿಶತಕ್ಕೆ ಇಳಿಸಿ ನೋಡಿ. ಎರಡು ಸಾಲಿದ್ದರೆ ಸಾಲಿನ ಅಂತರ ಅಕ್ಷರದ ಅಳತೆಯಷ್ಟೇ, ಅಂದರೆ 100 ಪ್ರತಿಶತದಿಂದ ಆರಂಭಿಸಿ 110ರೊಳಗೆ ನಿಲ್ಲಿಸಿ.

ಕರ್ನಿಂಗ್ ಬೇಕಾಗುವುದು ಮುಖ್ಯವಾಗಿ ಮೊದಲ ಕ್ಯಾಪಿಟಲ್ಲಿಗೂ ಎರಡನೇ ಅಕ್ಷರಕ್ಕೂ ನಡುವೆ. ಟಿ, ವಿ, ಡಬ್ಲ್ಯು, ವೈ ಇವುಗಳ ಪಕ್ಕ ಹೊಂಡ ಬೀಳುತ್ತದೆ. ಆ ಹೊಂಡ ಒಂದು ಹೊಟ್ಟೆಯ ಅಗಲಕ್ಕೆ ಬರುವ ತನಕ ಎರಡನೇ ಅಕ್ಷರವನ್ನು ಒಳಗೆ ತಳ್ಳಿ. ಕೂದಲೆಳೆ ಕಂಬಕ್ಕೆ ತಾಗಿದರೂ ಚಿಂತೆಯಿಲ್ಲ, ಕಂಬ ಕಂಬಕ್ಕೆ ತಾಗಬಾರದು.

ಲಿಗೇಚರ್, ಅಂದರೆ ಎರಡು ಅಕ್ಷರ ಬೆಸೆದು ಒಂದಾದ ರೂಪವನ್ನು ಬಂದ್ ಮಾಡಬೇಡಿ. ಗುಟೆನ್‌ಬರ್ಗ್ ತನ್ನ ಬೈಬಲ್ಲಿಗೆ ಸುಮಾರು 290 ಬೇರೆ ಬೇರೆ ಅಚ್ಚುಮೊಳೆ ಮಾಡಿಸಿದ್ದು ಸಾಲಿನ ಸಮತೆ ಕಾಯಲು. ಅವುಗಳಲ್ಲಿ ಬೆಸೆದ ಅಕ್ಷರಗಳೂ ಬಹಳ. ಫ್ರಾಕ್ಟೂರಿನಲ್ಲಿ ಸಿಎಚ್, ಸಿಕೆ, ಟಿಝಡ್ ಜೋಡಿಗಳು ಯಾವಾಗಲೂ ಬೆಸೆದೇ ಇರಬೇಕು. ಇಟಾಲಿಕ್ ಇಲ್ಲದ ಕಾರಣ ಜರ್ಮನ್ ಮುದ್ರಕರು ಒತ್ತು ಕೊಡಬೇಕಾದ ಪದದ ಅಕ್ಷರಗಳನ್ನು ದೂರ ದೂರ ಇಡುತ್ತಿದ್ದರು. ಆಗಲೂ ಈ ಜೋಡಿಗಳನ್ನು ಬಿಡಿಸುತ್ತಿರಲಿಲ್ಲ.

ಅದೇ ಕಾರಣಕ್ಕೆ, ಬೋಲ್ಡ್ ಮತ್ತು ಇಟಾಲಿಕ್ ಗುಂಡಿಗಳ ಕಡೆ ಕೈ ಹೋಗದಿರಲಿ. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವ ಓಲ್ಡ್ ಇಂಗ್ಲಿಷ್ ಟೆಕ್ಸ್ಟ್ ಫಾಂಟಿಗೆ ಒಂದೇ ತೂಕ, ಅಂದರೆ ಅದರ ಬೋಲ್ಡ್ ರೂಪವನ್ನು ಯಾರೂ ಬೇರೆಯಾಗಿ ಬಿಡಿಸಿಲ್ಲ. ಬೋಲ್ಡ್ ಒತ್ತಿದರೆ ತಂತ್ರಾಂಶ ಗೆರೆಗಳ ಸುತ್ತ ಮಸಿ ಬಳಿಯುತ್ತದೆ, ಹೊಟ್ಟೆಗಳು ಮುಚ್ಚಿಹೋಗುತ್ತವೆ. ಔಟ್‌ಲೈನ್ ಹಾಕುವುದೂ ಹೀಗೇ: 1 ಪಾಯಿಂಟ್ ಗೆರೆ ಎಳೆದರೆ ಅರ್ಧ ಹೊರಗೆ, ಅರ್ಧ ಒಳಗೆ ಬೀಳುತ್ತದೆ.

6. ಕೂದಲೆಳೆಯ ಲೆಕ್ಕ ಹಾಕಿ

ಪರದೆಯಲ್ಲಿ ಚೆನ್ನಾಗಿದ್ದದ್ದು ಅಚ್ಚಿನಲ್ಲಿ ತುಂಡು ತುಂಡಾಗುವುದು ಕೂದಲೆಳೆ ಅಳೆಯದೆ ಬಿಟ್ಟಾಗ. ಪದವನ್ನು 1000 ಪಾಯಿಂಟಿಗೆ ಹಿಗ್ಗಿಸಿ, ಔಟ್‌ಲೈನಿಗೆ ತಿರುಗಿಸಿ (ಟೈಪ್ ಮಾಡಿದ ಅಕ್ಷರವನ್ನು ಬಿಡಿಸಿದ ಆಕಾರವಾಗಿಸುವುದು; ಸುತ್ತ ಗೆರೆ ಎಳೆಯುವ ಔಟ್‌ಲೈನ್ ಅಲ್ಲ), ಅತಿ ಸಣ್ಣ ಗೆರೆಯ ದಪ್ಪ ಅಳೆಯಿರಿ. ಉದಾಹರಣೆಗೆ 12 ಪಾಯಿಂಟ್ ಬಂತು ಎನ್ನಿ. ಆಗ 24 ಪಾಯಿಂಟಿನಲ್ಲಿ ಆ ಗೆರೆ 0.288 ಪಾಯಿಂಟ್, 18ರಲ್ಲಿ 0.216. ಬಿಳಿ ಕಾಗದದ ಮೇಲೆ ಕಪ್ಪು ಅಚ್ಚಿಗೆ 0.25 ಪಾಯಿಂಟಿಗಿಂತ ಕೆಳಗೆ ಹೋಗಬೇಡಿ. ಅಂದರೆ ಈ ಫಾಂಟಿಗೆ 21 ಪಾಯಿಂಟೇ ತಳ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಮಸಿ ಸುತ್ತಲಿಂದ ಒಳನುಗ್ಗುತ್ತದೆ, ಕನಿಷ್ಠ 0.5 ಬೇಕು, ತಳ 42ಕ್ಕೆ ಏರುತ್ತದೆ.

ವಿನೈಲ್ ಕತ್ತರಿಸುವುದಕ್ಕೂ ಬಟ್ಟೆಯ ಮೇಲಿನ ಯಂತ್ರ ಕಸೂತಿಗೂ ಗೆರೆ ಸುಮಾರು 1 ಮಿ.ಮೀ. ಇರಬೇಕು. 1 ಮಿ.ಮೀ. ಎಂದರೆ 2.83 ಪಾಯಿಂಟ್. ಮೇಲಿನ ಫಾಂಟನ್ನೇ ಹಿಡಿದರೆ ಅಕ್ಷರವನ್ನು ಸುಮಾರು 236 ಪಾಯಿಂಟಿಗೆ, ಅಂದರೆ 83 ಮಿ.ಮೀ.ಗೆ ಏರಿಸಬೇಕಾಗುತ್ತದೆ. ಟೋಪಿಯ ಮುಂಭಾಗದಲ್ಲಿ ಅಷ್ಟು ಜಾಗ ಎಲ್ಲಿದೆ? ಇಂಥ ಕಡೆ ಕೂದಲೆಳೆಯೇ ಇಲ್ಲದ ಫಾಂಟ್ ಆರಿಸಿ. ಪಿರಾಟಾ ಒನ್ ಒಳ್ಳೆಯದು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕೂದಲೆಳೆಗಳನ್ನು ಕೈಯಿಂದ ಅಳಿಸಿಹಾಕುವ ದಾರಿಯೂ ಇದೆ, ಆದರೆ ಕ್ಯಾಪಿಟಲ್ ಬೋಳಾಗಿ ಕಾಣುತ್ತದೆ.

ಹಚ್ಚೆಗೆ ಲೆಕ್ಕ ತಿರುವುಮುರುವು. ಅಲ್ಲಿ ಅಳೆಯಬೇಕಾದದ್ದು ಗೆರೆಯನ್ನಲ್ಲ, ಹೊಟ್ಟೆಯನ್ನು. ಚರ್ಮದೊಳಗೆ ಮಸಿ ವರ್ಷಗಳು ಕಳೆದಂತೆ ಹರಡುತ್ತದೆ, ಕಂಬದಷ್ಟೇ ಅಗಲದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಅಕ್ಷರ ದೊಡ್ಡದು ಮಾಡಿ, ಹೊಟ್ಟೆ ಕಂಬಕ್ಕಿಂತ ಅಗಲ ಇರುವ ಬಗೆ ಆರಿಸಿ.

ಕೈಯಲ್ಲೇ ಬರೆಯುವವರಿಗೆ: ಅಗಲ ನಿಬ್ಬನ್ನು ಸಾಲಿಗೆ 40ರಿಂದ 45 ಡಿಗ್ರಿ ಕೋನದಲ್ಲಿ ಹಿಡಿಯಿರಿ, ಬರೆಯುವಾಗ ಕೋನ ಬದಲಿಸಬೇಡಿ. ಸಣ್ಣಕ್ಷರದ ಎತ್ತರ ನಿಬ್ಬಿನ ಅಗಲದ ಐದರಷ್ಟು. 3 ಮಿ.ಮೀ. ನಿಬ್ಬಾದರೆ 15 ಮಿ.ಮೀ. ಎತ್ತರ, 3 ಮಿ.ಮೀ. ಹೊಟ್ಟೆ.

7. ಬಣ್ಣ ಮತ್ತು ಜೊತೆಗಾರ

ಕಪ್ಪು ಅಕ್ಷರ, ಮೊದಲ ಕ್ಯಾಪಿಟಲ್ ಮಾತ್ರ ಕೆಂಪು: ಹಸ್ತಪ್ರತಿಗಳ ಕಾಲದಿಂದ ಬಂದ ಈ ಜೋಡಣೆಗೆ ಇನ್ನೂ ಸಾಟಿಯಿಲ್ಲ. ನೆರಳು, ಗ್ರೇಡಿಯಂಟ್, ಲೋಹದ ಹೊಳಪು ಬೇಡ. ಅಕ್ಷರದಲ್ಲೇ ಬೇಕಾದಷ್ಟು ಅಲಂಕಾರವಿದೆ. ಜೊತೆಗೆ ಇಡುವ ಪಠ್ಯಕ್ಕೆ ಗ್ಯಾರಮಂಡ್ ಅಥವಾ ಕ್ಯಾಸ್ಲನ್ ಥರದ ಶಾಂತ ಅಕ್ಷರ ಸಾಕು. ಇನ್ನೊಂದು ಬ್ಲ್ಯಾಕ್‌ಲೆಟರನ್ನೋ ಬಳ್ಳಿಬಳ್ಳಿಯಾದ ಕೈಬರಹದ ಫಾಂಟನ್ನೋ ಪಕ್ಕಕ್ಕೆ ತಂದರೆ ಜಗಳ ಖಚಿತ.

8. ಪರದೆಯ ಮೇಲೆ

ಸಾಮಾಜಿಕ ಜಾಲತಾಣದ ಹೆಸರಿಗೆ ಕಾಪಿ ಪೇಸ್ಟ್ ಮಾಡಿ ಹಾಕುವ ‘ಗೋಥಿಕ್ ಅಕ್ಷರ’ ಫಾಂಟ್ ಅಲ್ಲ. ಅವು ಯೂನಿಕೋಡಿನಲ್ಲಿ ಗಣಿತಕ್ಕೆಂದು ಇಟ್ಟ ಚಿಹ್ನೆಗಳು. ಉನ್ನತ ಗಣಿತದಲ್ಲಿ ಲೀ ಬೀಜಗಣಿತ ಎಂಬ ರಚನೆಯನ್ನು ಸೂಚಿಸಲು ಫ್ರಾಕ್ಟೂರಿನ ಸಣ್ಣ ಜಿ ಬಳಸುತ್ತಾರೆ, ಅಂಥ ಕೆಲಸಕ್ಕೆ. ಹೆಸರಿಗೆ ಬಳಸಿದರೆ ಹುಡುಕಾಟದಲ್ಲಿ ನೀವು ಸಿಗದೆ ಹೋಗಬಹುದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಒಂದೊಂದನ್ನೂ ಗಣಿತ ಚಿಹ್ನೆಯೆಂದು ಓದಬಹುದು, ಇಲ್ಲವೇ ಬಿಟ್ಟೇಬಿಡಬಹುದು. ಕ್ಯಾಪಿಟಲ್ ಸಿ, ಎಚ್, ಐ, ಆರ್, ಝಡ್ ಈ ಐದು ಹಳೆಯ ಬೇರೊಂದು ಕೋಷ್ಟಕದಲ್ಲಿ ಇರುವುದರಿಂದ ಕೆಲವು ಸಾಧನಗಳಲ್ಲಿ ಅವು ಮಾತ್ರ ಬೇರೆ ಥರ ಕಾಣುತ್ತವೆ.

ವೆಬ್ ಪುಟಕ್ಕಾದರೆ ನಿಜವಾದ ವೆಬ್ ಫಾಂಟ್ ಬಳಸಿ, 32 ಪಿಕ್ಸೆಲ್ಲಿಗಿಂತ ಕೆಳಗೆ ಇಳಿಸಬೇಡಿ. ಪರವಾನಗಿ ಓದಿ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ಲಾಂಛನಕ್ಕೂ ಮಾರಾಟದ ವಸ್ತುವಿಗೂ ಬಳಸಬಹುದು, ಫಾಂಟ್ ಕಡತವನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ‘ಸ್ವಂತ ಬಳಕೆಗೆ ಉಚಿತ’ ಎಂದಿದ್ದರೆ ವ್ಯಾಪಾರಕ್ಕೆ ಉಚಿತವಲ್ಲ. ಆಫೀಸ್ ಜೊತೆ ಬಂದ ಫಾಂಟನ್ನು ಎತ್ತಿ ವೆಬ್‌ಸೈಟಿಗೆ ಹಾಕುವಂತಿಲ್ಲ.

9. ಪ್ರೆಸ್ಸಿಗೆ ಕೊಡುವ ಮುನ್ನ

ಅಕ್ಷರವನ್ನು ಔಟ್‌ಲೈನಿಗೆ ತಿರುಗಿಸಿ, ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಯೂನಿಯನ್ ಆಜ್ಞೆಯಿಂದ ಬೆಸೆಯಿರಿ. ಬೆಸೆಯದೆ ಬಿಟ್ಟರೆ ವಿನೈಲ್ ಯಂತ್ರ ಒಳಗಿನ ಗೆರೆಗಳನ್ನೂ ಕತ್ತರಿಸುತ್ತದೆ. ಮೂಲ ಕಡತದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ, ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಕಪ್ಪು ಅಕ್ಷರ ಕಪ್ಪು ಮಸಿ ಒಂದರಲ್ಲೇ, 100 ಪ್ರತಿಶತ ಇರಲಿ. ನಾಲ್ಕೂ ಮಸಿ ಬೆರೆತ ಕಪ್ಪಾದರೆ ಪ್ಲೇಟು ಕೂದಲಷ್ಟು ಸರಿದರೂ ಕೂದಲೆಳೆಯ ಅಂಚಿಗೆ ನೀಲಿ, ಕೆಂಪು ಇಣುಕುತ್ತದೆ.

ಕೊನೆಗೆ ನಿಜ ಅಳತೆಯಲ್ಲಿ, ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆದು ಒಂದು ಪ್ರತಿ ಅಚ್ಚು ಹಾಕಿ. ಆ ಪದ ಏನೆಂದು ಗೊತ್ತಿಲ್ಲದ ಒಬ್ಬರಿಗೆ ಕೈ ಚಾಚಿದಷ್ಟು ದೂರದಿಂದ ಮೂರು ಸೆಕೆಂಡ್ ತೋರಿಸಿ, ಕಾಗದ ಮಗುಚಿ, ಏನು ಓದಿದಿರಿ ಎಂದು ಕೇಳಿ. ಅವರು ತಪ್ಪು ಓದಿದರೆ ವಾದಿಸಬೇಡಿ. ಯಾವ ಅಕ್ಷರದಲ್ಲಿ ಎಡವಿದರು ಎಂದು ಗುರುತು ಹಾಕಿಕೊಂಡು, ಆ ಅಕ್ಷರದ ಬದಲಿ ರೂಪಕ್ಕೆ ಮೂರನೇ ಹಂತಕ್ಕೆ ಮರಳಿ.